ಹಳೆಯ ಜಾವಾ ಗಾಡಿಯ ಎರಡು ಸ್ಟ್ಯಾಂಡುಗಳು

ಆಲ್ದೂರಿನ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯ ಅಂಗಳದಲ್ಲಿ, ಆಷಾಢದ ಒಂದು ಮಧ್ಯಾಹ್ನ, ಹದಿನಾಲ್ಕು ತಿಂಗಳು ಕೂತು ಸಿದ್ಧಪಡಿಸಿದ ಜಾವಾ ಮೋಟಾರ್ ಸೈಕಲ್ಲು ನಿಂತ ಜಾಗದಲ್ಲೇ ಎಡಕ್ಕೆ ಮಗುಚಿಕೊಂಡಿತು. ಯಾರೂ ಅದನ್ನು ಮುಟ್ಟಿರಲಿಲ್ಲ, ಹೇಳಿಕೊಳ್ಳುವಂಥ ಗಾಳಿಯೂ ಬೀಸಿರಲಿಲ್ಲ. ಒಳಗೆ ಕಾಫಿ ಕುಡಿಯುತ್ತ ಕೂತಿದ್ದವರು ಸದ್ದು ಕೇಳಿ ಹೊರಗೆ ಓಡಿ ಬಂದು ನೋಡುವಾಗ ಕ್ಲಚ್ ಲಿವರ್ ಬಾಗಿಹೋಗಿತ್ತು. ಟ್ಯಾಂಕಿನ ಎಡ ಮಗ್ಗುಲಿನ ಹೊಸ ಕ್ರೋಮ್ ಅಂಗಳದ ಅಂಚಿನ ಕಲ್ಲಿಗೆ ಬಡಿದು ಅಂಗೈಯಗಲದಷ್ಟು ಒಳಗೆ ಹೋಗಿತ್ತು. ಮುಚ್ಚಳದ ಸಂದಿಯಿಂದ ಸೋರಿದ ಪೆಟ್ರೋಲು ಕೆಸರು ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡುತ್ತಿತ್ತು. ಇಬ್ಬರು ಸೇರಿ ಗಾಡಿಯನ್ನು ಎತ್ತಿ ಗೋಡೆಗೆ ಒರಗಿಸಿದ ಮೇಲೆ ನೆಲದಲ್ಲಿ ಒಂದು ತೂತು ಕಾಣಿಸಿತು. ಸೈಡ್ ಸ್ಟ್ಯಾಂಡಿನ ಪಾದ ನಾಲ್ಕು ಬೆರಳು ಆಳಕ್ಕೆ ನೇರವಾಗಿ ಇಳಿದು ಮಾಡಿದ ತೂತು ಅದು. ಅಂಚು ಎಷ್ಟು ಚೊಕ್ಕಟವಾಗಿತ್ತೆಂದರೆ, ಬಾಳೆ ಕಂದು ನೆಡಲು ಯಾರೋ ಹಾರೆಯಿಂದ ಗುರುತು ಹಾಕಿದಂತಿತ್ತು.

ಆ ಗಾಡಿ ನಮ್ಮ ದೊಡ್ಡಪ್ಪನವರದು, 1968ರದು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 250 ಸಿಸಿಯ ಟೂ ಸ್ಟ್ರೋಕ್ ಗಾಡಿ. ಚಿಕ್ಕಮಗಳೂರಿನಿಂದ ತೋಟಕ್ಕೆ, ತೋಟದಿಂದ ಮೂಡಿಗೆರೆಗೆ, ಅಲ್ಲಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಎಂದು ಮೂವತ್ತು ವರ್ಷ ಓಡಿದ ಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟುವಾಗ ಎಂಜಿನ್ನಿನ ಕ್ರ್ಯಾಂಕ್, ಕಾರ್ಬುರೇಟರ್, ಡೈನಮೊ, ಬಣ್ಣ, ಕ್ರೋಮ್ ಇವೆಲ್ಲಕ್ಕೂ ನಾವು ಎಷ್ಟು ತಲೆ ಕೆಡಿಸಿಕೊಂಡೆವೋ ಅದರ ನೂರರಲ್ಲಿ ಒಂದು ಪಾಲನ್ನೂ ಸ್ಟ್ಯಾಂಡುಗಳಿಗೆ ಕೊಡಲಿಲ್ಲ. ಹಳೆಯ ಗಾಡಿ ಕಟ್ಟುವ ಬೇರೆಯವರೊಡನೆ ಮಾತನಾಡಿದಾಗಲೂ ಇದೇ ಕಥೆ ಕೇಳಿದ್ದೇನೆ. ಗಾಡಿ ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ನಿಂತಲ್ಲಿಯೇ. ಅದರಲ್ಲೂ ಹಬ್ಬಕ್ಕೆ, ಭಾನುವಾರಕ್ಕೆ ಹೊರಗೆ ತೆಗೆಯುವ ಹಳೆಯ ಗಾಡಿಯಂತೂ ವಾರದಲ್ಲಿ ಆರು ದಿನ ಸ್ಟ್ಯಾಂಡಿನ ಮೇಲೆಯೇ ಇರುತ್ತದೆ. ಆದ್ದರಿಂದ ಆ ಮಧ್ಯಾಹ್ನದ ನಂತರ ನಾನು ಕಲಿತದ್ದನ್ನೆಲ್ಲ ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಮುಖ್ಯ ತಪ್ಪಿನ ಬಗ್ಗೆ ಹೇಳುತ್ತೇನೆ. ನಾವು ಸೈಡ್ ಸ್ಟ್ಯಾಂಡಿನ ಉದ್ದವನ್ನು ಅಳೆದದ್ದು ಗಾಡಿ ಅರ್ಧ ಜೋಡಣೆಯಾಗಿದ್ದಾಗ. ಫ್ರೇಮಿಗೆ ಚಕ್ರಗಳು ಬಂದಿದ್ದವು, ಎಂಜಿನ್ ಕೂತಿತ್ತು. ಆದರೆ ಟ್ಯಾಂಕು, ಸೀಟು, ಬ್ಯಾಟರಿ ಒಂದೂ ಇರಲಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರುಗಳಿಗೆ ಹೊಸ ಸ್ಪ್ರಿಂಗು ಹಾಕಿದ್ದರಿಂದ ಗಾಡಿಯ ಹಿಂಭಾಗ ಎತ್ತರವಾಗಿ ನಿಂತಿತ್ತು. ಆ ಎತ್ತರಕ್ಕೆ ಸ್ಟ್ಯಾಂಡು ಚೆನ್ನಾಗಿಯೇ ಒಪ್ಪಿತು. ಆಮೇಲೆ ಟ್ಯಾಂಕು ಬಂತು, ಪೆಟ್ರೋಲು ತುಂಬಿತು, ಸೀಟು ಕೂತಿತು, ಒಂದು ಸಾವಿರ ಕಿಲೋಮೀಟರು ಓಡಿದ ಮೇಲೆ ಹೊಸ ಸ್ಪ್ರಿಂಗುಗಳೂ ತಮ್ಮ ಜಾಗಕ್ಕೆ ಇಳಿದವು. ಗಾಡಿ ಇಷ್ಟಿಷ್ಟೇ ತಗ್ಗಿದಂತೆಲ್ಲ, ಉದ್ದ ಬದಲಾಗದ ಸ್ಟ್ಯಾಂಡು ತಾನಾಗಿಯೇ ಹೆಚ್ಚು ಉದ್ದವಾದಂತಾಗಿ, ಗಾಡಿ ಸುಮಾರು ನೆಟ್ಟಗೆ ನಿಲ್ಲತೊಡಗಿತು. ಬಲಗಡೆಯಿಂದ ಒಬ್ಬರು ಸೀಟಿಗೆ ಕೈ ಹಾಕಿ ಎಳೆದರೂ ಬೀಳುವಂತಿತ್ತು. ಅದನ್ನು ಸರಿಪಡಿಸಲು ಮೆಕ್ಯಾನಿಕ್ ಅಂಗಡಿಯಲ್ಲಿ ಸ್ಟ್ಯಾಂಡಿನ ತುದಿಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಿದರು. ಕತ್ತರಿಸಿದ್ದು ಅಗತ್ಯಕ್ಕಿಂತ ಹೆಚ್ಚಾಯಿತು. ಅಗಲವಾದ ಪಾದ ಹೋಗಿ, ಕೊಯ್ದ ಸರಳಿನ ತುದಿಯಷ್ಟೇ ಉಳಿಯಿತು. ಆಲ್ದೂರಿನಲ್ಲಿ ಗಾಡಿ ಬಿದ್ದದ್ದಕ್ಕೆ ಬೀಜ ಬಿತ್ತಿದ್ದು ಅಲ್ಲಿ.

ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಮೂರು ಕಾಲಿನ ಮಣೆಯ ಹಾಗೆ. ಮುಂದಿನ ಟಯರು, ಹಿಂದಿನ ಟಯರು, ಸ್ಟ್ಯಾಂಡಿನ ಪಾದ, ಈ ಮೂರು ಜಾಗ ನೆಲದ ಮೇಲೆ ಒಂದು ತ್ರಿಕೋನವನ್ನು ಮಾಡುತ್ತವೆ, ಗಾಡಿಯ ಭಾರದ ನಡುಬಿಂದುವಿನಿಂದ ಕೆಳಗೆ ಇಳಿಬಿಟ್ಟ ಗೆರೆ ಈ ತ್ರಿಕೋನದ ಒಳಗೇ ಬೀಳಬೇಕು. ಗಾಡಿ ತೀರ ನೆಟ್ಟಗೆ ನಿಂತರೆ ಗೆರೆ ಎರಡು ಟಯರುಗಳ ಅಂಚಿಗೆ ಸರಿಯುತ್ತದೆ, ಆಗ ಬಲಕ್ಕೆ ಬೀಳುವ ಭಯ. ತೀರ ವಾಲಿದರೆ ಗೆರೆ ಪಾದದ ಕಡೆಗೆ ಸರಿಯುತ್ತದೆ, ಪಾದದ ಮೇಲೆ ಬೀಳುವ ಭಾರವೂ ಬೆಳೆಯುತ್ತದೆ. ನೆಲ ಮೆತ್ತಗಿದ್ದು ಪಾದ ಸ್ವಲ್ಪ ಇಳಿಯಿತೆಂದರೆ ಗಾಡಿ ಇನ್ನಷ್ಟು ವಾಲುತ್ತದೆ, ವಾಲಿದಷ್ಟೂ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದಷ್ಟೂ ಪಾದ ಇಳಿಯುತ್ತದೆ. ನಮ್ಮ ಗಾಡಿ ಯಾರೂ ಮುಟ್ಟದೆ ಬಿದ್ದದ್ದು ಹೀಗೆಯೇ. ಕಾಫಿ ಲೋಟ ಖಾಲಿಯಾಗುವಷ್ಟು ಹೊತ್ತಿನಲ್ಲಿ ಅದು ನಿಧಾನವಾಗಿ, ನಮಗೆ ಗೊತ್ತಾಗದಂತೆ, ವಾಲುತ್ತಲೇ ಇದ್ದಿರಬೇಕು.

ವಾಲಿಕೆ 10ರಿಂದ 13 ಡಿಗ್ರಿಯ ನಡುವೆ ಇದ್ದರೆ ನಮ್ಮ ಗಾಡಿ ನೆಮ್ಮದಿಯಾಗಿ ನಿಲ್ಲುತ್ತದೆ ಎಂಬುದನ್ನು ಹಲವು ಸಲ ಪ್ರಯತ್ನಿಸಿ ಕಂಡುಕೊಂಡೆವು. ಇದನ್ನು ಅಳೆಯಲು ಯಾವ ದೊಡ್ಡ ಸಲಕರಣೆಯೂ ಬೇಡ, ಗಾರೆ ಕೆಲಸದವರ ತೂಗುಗುಂಡು ಸಾಕು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಾಕಿ, ಹ್ಯಾಂಡಲನ್ನು ನೇರವಾಗಿಟ್ಟು, ಎರಡೂ ಟಯರು ನೆಲ ಮುಟ್ಟುವ ಜಾಗಗಳನ್ನು ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಹ್ಯಾಂಡಲಿನ ನಡುವಿನಿಂದ ಗುಂಡನ್ನು ಇಳಿಬಿಟ್ಟು, ಅದು ನೆಲ ಮುಟ್ಟುವ ಬಿಂದುವಿಗೂ ಆ ಗೆರೆಗೂ ಇರುವ ದೂರವನ್ನು ಅಳೆಯಬೇಕು. ದಾರದ ಉದ್ದ 95 ಸೆಂಟಿಮೀಟರ್ ಇದ್ದು, ದೂರ 20 ಸೆಂಟಿಮೀಟರ್ ಬಂದರೆ ವಾಲಿಕೆ 12 ಡಿಗ್ರಿ ಎಂದು ಲೆಕ್ಕ. ಕತ್ತರಿಸಿದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಳೆದಾಗ ನಮಗೆ ಸಿಕ್ಕ ದೂರ 30 ಸೆಂಟಿಮೀಟರ್, ಅಂದರೆ 17 ಡಿಗ್ರಿಗಿಂತಲೂ ಹೆಚ್ಚು, ಅದೂ ಸಿಮೆಂಟಿನ ನೆಲದ ಮೇಲೆ.

ಆದ್ದರಿಂದ ಗಾಡಿ ಕಟ್ಟುವವರಿಗೆ ನಾನು ಒತ್ತಿ ಹೇಳುವ ಮಾತು ಇದು: ಸ್ಟ್ಯಾಂಡಿನ ಕೆಲಸವನ್ನು ಕೊನೆಗಿಟ್ಟುಕೊಳ್ಳಿ. ಅಂತಿಮವಾಗಿ ಯಾವ ಟಯರು ಇರುತ್ತದೋ ಅದೇ ಟಯರು, ಸರಿಯಾದ ಗಾಳಿ, ಅರ್ಧ ಟ್ಯಾಂಕು ಪೆಟ್ರೋಲು, ಸೀಟು, ಟೂಲ್ ಬಾಕ್ಸಿನ ಸಾಮಾನು ಎಲ್ಲ ಇದ್ದು, ಕೆಲವು ನೂರು ಕಿಲೋಮೀಟರು ಓಡಿಸಿ ಸ್ಪ್ರಿಂಗುಗಳು ಕೂತ ಮೇಲೆ ಅಳತೆ ತೆಗೆಯಬೇಕು. ಈ ಗಾಡಿಗೆ ಬರುವುದು 3.25-16 ಅಳತೆಯ ಟಯರು. ಅದು ಸಿಗದೆ ಬೇರೆ ದಪ್ಪದ ಟಯರು ಹಾಕಿದರೂ ಗಾಡಿಯ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಎರಡೂ ಸ್ಟ್ಯಾಂಡುಗಳ ಲೆಕ್ಕ ತಪ್ಪುತ್ತದೆ. ಅಲ್ಲಿಯವರೆಗೆ ಗಾಡಿಯನ್ನು ಮರದ ದಿಮ್ಮಿಯ ಮೇಲೆ ಕೂರಿಸಿಟ್ಟುಕೊಳ್ಳುವುದೇ ಒಳ್ಳೆಯದು.

ಕಾಯಂ ಅಳತೆಗಾಗಿ ನಾವು ಆಮೇಲೆ ಮಾಡಿದ ಉಪಾಯ ಹೀಗಿತ್ತು. ಗಾಡಿಯನ್ನು ಒಬ್ಬರು 12 ಡಿಗ್ರಿಗೆ ವಾಲಿಸಿ ಹಿಡಿದುಕೊಂಡರು. ತೂಗುಗುಂಡಿನ ದೂರವನ್ನು ನೋಡಿಕೊಂಡು, ಸ್ಟ್ಯಾಂಡಿನ ಮೊಂಡು ತುದಿಗೂ ನೆಲಕ್ಕೂ ನಡುವಿನ ಸಂದಿಗೆ ತೆಳುವಾದ ಹಲಗೆ ಚೂರುಗಳನ್ನು ಒಂದೊಂದಾಗಿ ತೂರಿಸುತ್ತ ಹೋದೆ. ಗಾಡಿ ಕೈ ಬಿಟ್ಟರೂ ಅಷ್ಟೇ ವಾಲಿಕೆಯಲ್ಲಿ ನಿಂತಾಗ ಹಲಗೆ ಚೂರುಗಳ ಒಟ್ಟು ದಪ್ಪ 34 ಮಿಲಿಮೀಟರ್ ಆಗಿತ್ತು. 28 ಮಿಲಿಮೀಟರ್ ಉದ್ದದ ಸರಳನ್ನು ಸೇರಿಸಿ ವೆಲ್ಡ್ ಮಾಡಿಸಿ, ತುದಿಗೆ 6 ಮಿಲಿಮೀಟರ್ ದಪ್ಪದ ತಗಡಿನಿಂದ ಒಂದು ಅಗಲವಾದ ಪಾದವನ್ನು ಕೂರಿಸಿದೆವು. ಪಾದದ ತಗಡಿನ ದಪ್ಪವನ್ನು ಸೇರಿಸಿದ ಸರಳಿನ ಉದ್ದದಲ್ಲಿ ಕಳೆಯಬೇಕೆಂಬುದನ್ನು ಮರೆಯಬಾರದು.

ಪಾದದ ಅಗಲದ ವಿಷಯ ಮಲೆನಾಡಿನವರಿಗೆ ಬಹಳ ಮುಖ್ಯ. ಸುಮಾರು 130 ಕಿಲೋ ತೂಕದ ಗಾಡಿ ವಾಲಿ ನಿಂತಾಗ ಸ್ಟ್ಯಾಂಡಿನ ಮೇಲೆ 20 ಕಿಲೋ ಭಾರ ಬೀಳುತ್ತದೆಂದು ಇಟ್ಟುಕೊಳ್ಳೋಣ. ಕೊಯ್ದ ಸರಳಿನ ತುದಿ 4 ಚದರ ಸೆಂಟಿಮೀಟರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ. ಅದೇ ಭಾರ 6 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದದ ಪಾದದ ಮೇಲೆ ಹರಡಿದರೆ ಒತ್ತಡ ಅರ್ಧ ಕಿಲೋಗಿಂತ ಕಡಿಮೆಯಾಗುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ನಮ್ಮ ಕೆಂಪು ಮಣ್ಣು ಒದ್ದೆಯಾಗಿಯೇ ಇರುವಾಗ ಈ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸವೇ ಗಾಡಿಯನ್ನು ನಿಲ್ಲಿಸುವುದು ಅಥವಾ ಬೀಳಿಸುವುದು. ಏಪ್ರಿಲ್ ಬಿಸಿಲಿನಲ್ಲಿ ಡಾಂಬರು ಮೆತ್ತಗಾದಾಗಲೂ ಇದೇ ಮಾತು. ಆದರೆ ಪಾದವನ್ನು ಬೇಕಾದಷ್ಟು ದೊಡ್ಡದು ಮಾಡುವಂತಿಲ್ಲ. ಮಡಚಿದಾಗ ಅದು ಸೈಲೆನ್ಸರಿಗೆ ತಾಗಬಾರದು. ಎಡ ತಿರುವಿನಲ್ಲಿ ಗಾಡಿ ವಾಲಿದಾಗ ರಸ್ತೆಗೆ ಉಜ್ಜಬಾರದು. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಹತ್ತುವ ರಸ್ತೆಯ ತಿರುವುಗಳಲ್ಲಿ ಒಮ್ಮೆ ನಿಧಾನವಾಗಿ ಹೋಗಿ ಬಂದು, ಪಾದದ ಅಂಚಿನ ಬಣ್ಣ ಹಾಗೆಯೇ ಇದೆ ಎಂದು ನೋಡಿಕೊಂಡ ಮೇಲೆಯೇ ನನಗೆ ಸಮಾಧಾನವಾದದ್ದು.

ದೊಡ್ಡಪ್ಪ ಹೇಳುವ ಪ್ರಕಾರ ಗಾಡಿ ಮನೆಗೆ ಬಂದಾಗ ಇದ್ದದ್ದು ಸೆಂಟರ್ ಸ್ಟ್ಯಾಂಡ್ ಒಂದೇ, ಸೈಡ್ ಸ್ಟ್ಯಾಂಡನ್ನು ಆಮೇಲೆ ಪೇಟೆಯಲ್ಲಿ ಹಾಕಿಸಿದ್ದು. ಅದು ಫ್ರೇಮಿನ ಕೆಳದಂಡಕ್ಕೆ ಕ್ಲ್ಯಾಂಪಿನಿಂದ ಬಿಗಿದಿರುವ ಬಗೆಯದು. ಕ್ಲ್ಯಾಂಪು ಜಾರುತ್ತದೆ, ಫ್ರೇಮಿಗೇ ಒಂದು ಕಿವಿಯನ್ನು (ಸ್ಟ್ಯಾಂಡಿನ ಬೋಲ್ಟು ಕೂರುವ ತೂತಿರುವ ಪಟ್ಟಿ) ವೆಲ್ಡ್ ಮಾಡಿಸಿಬಿಡಿ ಎಂದು ಸಲಹೆ ಕೊಟ್ಟವರು ಹಲವರು. ನಾನು ಒಪ್ಪಲಿಲ್ಲ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದು: ಐವತ್ತು ವರ್ಷ ಹಳೆಯ ಫ್ರೇಮಿಗೆ ಒಂದು ಜಾಗದಲ್ಲಿ ಬಲವಾಗಿ ಶಾಖ ಕೊಟ್ಟರೆ ಆ ವೆಲ್ಡಿನ ಅಂಚಿನಲ್ಲೇ ಮುಂದೆ ಬಿರುಕು ಬಿಡುವ ಸಂಭವವಿದೆ. ಕ್ಲ್ಯಾಂಪು ಕೆಟ್ಟರೆ ಇನ್ನೊಂದನ್ನು ತರಬಹುದು. ಫ್ರೇಮು ಕೆಟ್ಟರೆ ಗಾಡಿಯೇ ಹೋದಂತೆ.

ಕ್ಲ್ಯಾಂಪು ಜಾರುವುದಕ್ಕೆ ಕಾರಣ ಸಾಮಾನ್ಯವಾಗಿ ಅದರ ಒಳಮೈ ಫ್ರೇಮಿಗೆ ಎರಡು ಮೂರು ಕಡೆ ಮಾತ್ರ ತಾಗುತ್ತಿರುತ್ತದೆ ಎಂಬುದು. ಅನೇಕರು ನಡುವೆ ರಬ್ಬರ್ ತುಂಡನ್ನು ಇಡುತ್ತಾರೆ. ಬಣ್ಣ ಉಳಿಯುತ್ತದೆ ನಿಜ, ಆದರೆ ಭಾರ ಬಿದ್ದಾಗಲೆಲ್ಲ ರಬ್ಬರು ಅಮುಕಿ ಸ್ಟ್ಯಾಂಡು ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಹಾಸನದ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರ ಹಿರಿಯ ಮೇಸ್ತ್ರಿಯೊಬ್ಬರು ಇದಕ್ಕೆ ಹೇಳಿಕೊಟ್ಟ ವಿಧಾನ ನನಗೆ ಬಹಳ ಹಿಡಿಸಿತು. ಕ್ಲ್ಯಾಂಪಿನ ಒಳಮೈಗೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ತೆಳ್ಳಗೆ ಸವರಿ, ಫ್ರೇಮಿಗೆ ಬಿಗಿದು, ಮತ್ತೆ ಬಿಚ್ಚಿ ನೋಡಬೇಕು. ಎಲ್ಲಿ ಮಸಿ ಒರೆಸಿಹೋಗಿ ಕಬ್ಬಿಣ ಹೊಳೆಯುತ್ತದೋ ಅದು ಮುಟ್ಟುತ್ತಿರುವ ಉಬ್ಬು. ಆ ಉಬ್ಬನ್ನು ಅರದಿಂದ ನಾಲ್ಕು ಸಲ ಉಜ್ಜಿ, ಮತ್ತೆ ಮಸಿ ಸವರಿ ಬಿಗಿಯಬೇಕು. ಮೊದಲ ಸಲ ನನಗೆ ಕಂಡದ್ದು ಮೂರು ಸಣ್ಣ ಹೊಳಪುಗಳು. ಹನ್ನೊಂದನೆಯ ಸಲಕ್ಕೆ ಒಳಮೈಯ ಮುಕ್ಕಾಲು ಪಾಲು ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. "ಈಗ ಬಿಗೀರಿ ಸ್ವಾಮಿ, ಇನ್ನು ಅದು ಎಲ್ಲಿಗೂ ಹೋಗಲ್ಲ," ಎಂದರು ಅವರು. ಎರಡು ಮಳೆಗಾಲ ಕಳೆದಿವೆ, ಅದು ಕೂದಲೆಳೆಯಷ್ಟೂ ಸರಿದಿಲ್ಲ.

ಅದೇ ಮೇಸ್ತ್ರಿ ನಮ್ಮ ಸೆಂಟರ್ ಸ್ಟ್ಯಾಂಡನ್ನೂ ನೋಡಿ ಮುಖ ಗಂಟಿಕ್ಕಿದರು. ಬಣ್ಣಕ್ಕೆ ಕೊಟ್ಟಾಗ ನಾವು ಸ್ಟ್ಯಾಂಡಿನ ಬೋಲ್ಟು ಕೂರುವ ತೂತುಗಳನ್ನು ಮುಚ್ಚಿ ಕೊಟ್ಟಿರಲಿಲ್ಲ. ಪೌಡರ್ ಕೋಟಿಂಗ್ ತೂತಿನ ಒಳಗೂ, ಕಿವಿಗಳ ಎರಡೂ ಮೈಗೂ ಹತ್ತಿಕೊಂಡಿತ್ತು. ಒಂದು ಮೈಗೆ ಸುಮಾರು 0.1 ಮಿಲಿಮೀಟರ್ ಎಂದರೂ ತೂತಿನ ಅಳತೆಯಲ್ಲಿ 0.2 ಮಿಲಿಮೀಟರ್ ಕಡಿಮೆಯಾಗುತ್ತದೆ, ಹಾಗಾಗಿ ಜೋಡಿಸುವಾಗ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕಾಯಿತು. ಬಿಗಿಯಾಗಿದೆ ಎಂದು ಆಗ ಖುಷಿಪಟ್ಟಿದ್ದೆವು. ಕೆಲವೇ ವಾರಗಳಲ್ಲಿ ನಟ್ಟಿನ ಕೆಳಗಿದ್ದ ಆ ಪದರ ಅಮುಕಿ ಪುಡಿಯಾಗಿ, ನಟ್ಟು ತಾನಾಗಿಯೇ ಸಡಿಲವಾಯಿತು. ತಿರುಗುವ ಜಾಗದಲ್ಲೂ ಬಿಗಿಯುವ ಜಾಗದಲ್ಲೂ ಬಣ್ಣ ಇರಕೂಡದು. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗಬೇಕು, ನಡುವೆ ಗ್ರೀಸ್ ಮಾತ್ರ ಇರಬೇಕು.

ಇನ್ನು ಸವೆತದ ವಿಷಯ. ಮೂವತ್ತು ವರ್ಷ ತಿರುಗಿದ ತೂತುಗಳು ಅಂಡಾಕಾರವಾಗಿದ್ದವು, ಹೊಸ ಬೋಲ್ಟಿಗಿಂತ ಒಂದೂವರೆ ಮಿಲಿಮೀಟರ್ ದೊಡ್ಡವಾಗಿದ್ದವು. ಅವನ್ನು ಗುಂಡಗೆ ಕೊರೆಸಿ ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಕೂರಿಸಿದೆವು; ಬುಷ್ ಮೆತ್ತಗಿನ ಲೋಹವಾದ್ದರಿಂದ ಮುಂದೆ ಅದು ಸವೆಯುತ್ತದೆ, ಫ್ರೇಮಿನ ಕಿವಿ ಉಳಿಯುತ್ತದೆ. ಬೋಲ್ಟಿನಲ್ಲಿ ಮರೆ (ನಟ್ಟು ಕೂರುವ ತಿರುಪಿನ ಗೆರೆಗಳು) ಇಲ್ಲದ ನುಣ್ಣನೆಯ ಭಾಗವೇ ಬುಷ್‌ನೊಳಗೆ ಇರಬೇಕು. ಮರೆ ಇರುವ ಭಾಗ ಒಳಗೆ ಬಂದರೆ ಅದು ಅರದ ಹಾಗೆ ಬುಷ್ಷನ್ನು ತಿನ್ನುತ್ತದೆ. ಪೂರ್ತಿ ಮರೆ ಇರುವ ಬೋಲ್ಟನ್ನೇ ಅಂಗಡಿಯವರು ಕೈಗೆ ಕೊಡುತ್ತಾರೆ, ಆದ್ದರಿಂದ ಸ್ವಲ್ಪ ಉದ್ದದ ಬೋಲ್ಟನ್ನು ಕೊಂಡು ತುದಿಯನ್ನು ಕತ್ತರಿಸಿಕೊಳ್ಳುವುದು ವಾಸಿ. ನಟ್ಟನ್ನು ಸ್ಟ್ಯಾಂಡು ಸರಾಗವಾಗಿ ಆಡುವಷ್ಟಕ್ಕೆ ಬಿಗಿದು, ಸ್ಪ್ಲಿಟ್ ಪಿನ್ ಹಾಕಿ ನಿಲ್ಲಿಸಿದೆವು.

ತೂತಿಗಿಂತಲೂ ಜನರ ಕಣ್ಣಿಗೆ ಬೀಳದೇ ಇರುವುದು ಸ್ಟ್ಯಾಂಡು ಮುಂದಕ್ಕೆ ಹೋಗಿ ತಡೆದು ನಿಲ್ಲುವ ಗುಬುಟು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆದಾಗಲೆಲ್ಲ ಗಾಡಿಯ ಪೂರ್ತಿ ಭಾರ ಒಮ್ಮೆ ಅಲ್ಲಿ ಕುಟ್ಟುತ್ತದೆ. ಬೋಲ್ಟಿನಿಂದ 3 ಸೆಂಟಿಮೀಟರ್ ದೂರದಲ್ಲಿ ಗುಬುಟು, 24 ಸೆಂಟಿಮೀಟರ್ ದೂರದಲ್ಲಿ ಸ್ಟ್ಯಾಂಡಿನ ಕಾಲು ಇದೆ ಎಂದಾದರೆ, ಗುಬುಟು 1 ಮಿಲಿಮೀಟರ್ ಸವೆದರೆ ಕಾಲು 8 ಮಿಲಿಮೀಟರ್ ಮುಂದಕ್ಕೆ ಹೋಗುತ್ತದೆ. ಕಾಲು ಮುಂದಕ್ಕೆ ಹೋದಷ್ಟೂ ಗಾಡಿ ತಗ್ಗುತ್ತದೆ, ಕೊನೆಗೆ ಹಿಂದಿನ ಚಕ್ರ ನೆಲಕ್ಕೆ ತಾಗುತ್ತದೆ. ಆಗ ಎಲ್ಲರೂ ಮಾಡುವುದು ಕಾಲಿನ ಕೆಳಗೆ ತಗಡು ಸೇರಿಸುವುದು. ಆದರೆ ರೋಗ ಇರುವುದು ಮೇಲೆ. ಮೊದಲು ಗುಬುಟಿನ ಮೇಲೆ ವೆಲ್ಡಿಂಗ್ ತುಂಬಿಸಿ, ಗ್ರೈಂಡ್ ಮಾಡಿ ಹಳೆಯ ಕೋನವನ್ನು ಮರಳಿ ತರಬೇಕು. ಅದಾದ ಮೇಲೂ ಎತ್ತರ ಸಾಲದಿದ್ದರೆ ಮಾತ್ರ ಕಾಲಿಗೆ ಕೈ ಹಾಕಬೇಕು. ನಮ್ಮ ಗಾಡಿಯಲ್ಲಿ ಸವೆದಿದ್ದ ಗುಬುಟು ಸ್ಟ್ಯಾಂಡಿನ ಮೇಲೆಯೇ ಇದ್ದದ್ದರಿಂದ ಅದನ್ನು ಬಿಚ್ಚಿ ಮೇಜಿನ ಮೇಲೆ ವೆಲ್ಡ್ ಮಾಡಲು ಸಾಧ್ಯವಾಯಿತು. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಬೇಕಾಗಿ ಬಂದವರು ಬ್ಯಾಟರಿಯ ವೈರುಗಳನ್ನು ಕಳಚಿಯೇ ಮಾಡಬೇಕು, ಟ್ಯಾಂಕನ್ನು ಇಳಿಸಿಯೇ ಮಾಡಬೇಕು. ಕೆಲಸ ಮುಗಿದ ಮೇಲೆ ಹಿಂದಿನ ಚಕ್ರ ನೆಲದಿಂದ ಎರಡು ಬೆರಳಿನಷ್ಟು ಮೇಲಿದ್ದರೆ ಸಾಕು. ಅದಕ್ಕಿಂತ ಎತ್ತರವಾದರೆ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತುವುದೇ ಕಷ್ಟ. ಚೈನು ಬಿಚ್ಚದೆ ಹಿಂದಿನ ಚಕ್ರವನ್ನು ಹೊರಗೆ ತೆಗೆಯಬಹುದಾದ ಸೌಲಭ್ಯ ಜಾವಾದಲ್ಲಿದೆ. ದಾರಿಯಲ್ಲಿ ಪಂಕ್ಚರ್ ಆದಾಗ ಸೆಂಟರ್ ಸ್ಟ್ಯಾಂಡು ಗಟ್ಟಿಯಾಗಿದ್ದರೆ ಮಾತ್ರ ಅದರ ಬೆಲೆ ಗೊತ್ತಾಗುವುದು.

ಸ್ಪ್ರಿಂಗು ಹಾಕುವುದು ಸ್ಟ್ಯಾಂಡಿನ ಕೆಲಸದಲ್ಲೆಲ್ಲ ಕಠಿಣವಾದದ್ದು, ಅಪಾಯದ್ದು ಕೂಡ. ಸ್ಕ್ರೂಡ್ರೈವರಿನಿಂದ ಮೀಟಿ, ಕಟಿಂಗ್ ಪ್ಲೈಯರಿನಿಂದ ಎಳೆದು ಹಾಕಲು ಹೋಗಿ ಕೈ ಬೆರಳು ಜಜ್ಜಿಕೊಂಡವರು ಬಹಳ. ಸುಲಭದ ದಾರಿ ಇದೆ. ಸ್ಪ್ರಿಂಗಿನ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಒಂದು ಪಕ್ಕಕ್ಕೆ ಬಗ್ಗಿಸಿದರೆ ಇನ್ನೊಂದು ಪಕ್ಕದ ಸುತ್ತುಗಳು ಬಾಯಿ ಬಿಡುತ್ತವೆ. ಆ ಸಂದಿಗಳಲ್ಲಿ ಒಂದೊಂದು ನಾಣ್ಯ ತೂರಿಸಬೇಕು. ಆಮೇಲೆ ಈ ಪಕ್ಕಕ್ಕೆ ಬಗ್ಗಿಸಿ ಆ ಕಡೆಯ ಸಂದಿಗಳಿಗೆ ತೂರಿಸಬೇಕು. ಹೀಗೆ ಎಲ್ಲ ಸಂದಿಗಳೂ ತುಂಬಿದಾಗ ಸ್ಪ್ರಿಂಗು ತಾನಾಗಿಯೇ ಉದ್ದವಾಗಿ ನಿಂತಿರುತ್ತದೆ, ಎರಡೂ ಕೊಂಡಿಗಳನ್ನು ಬರಿಗೈಯಲ್ಲೇ ಸಿಕ್ಕಿಸಬಹುದು. 2011ರಲ್ಲಿ ಚಲಾವಣೆಯಿಂದ ಹೋದ ನಾಲ್ಕಾಣೆ, ಘೇಂಡಾಮೃಗದ ಚಿತ್ರವಿದ್ದ ಆ ಸ್ಟೀಲಿನ ನಾಣ್ಯ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಜ್ಜಿಯ ಡಬ್ಬಿಯಲ್ಲಿದ್ದ ನಾಲ್ಕಾಣೆಗಳಲ್ಲಿ ಹದಿನೆಂಟು ನನಗೆ ಬೇಕಾದವು. ಕೊಂಡಿ ಸಿಕ್ಕಿಸಿದ ಮೇಲೆ ಸ್ಪ್ರಿಂಗಿನ ಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖವನ್ನು ದೂರವಿಟ್ಟು, ಸ್ಟ್ಯಾಂಡನ್ನು ನಿಧಾನವಾಗಿ ಆಡಿಸಿದರೆ ಸುತ್ತುಗಳು ಇನ್ನಷ್ಟು ಹಿಗ್ಗಿ ನಾಣ್ಯಗಳು ಒಂದೊಂದೇ ಟಣ್ ಟಣ್ ಎಂದು ನೆಲಕ್ಕೆ ಬೀಳುತ್ತವೆ. ಬಿದ್ದವನ್ನು ಎಣಿಸಿಕೊಳ್ಳಬೇಕು, ಒಂದು ಒಳಗೇ ಉಳಿದರೂ ಸ್ಪ್ರಿಂಗು ಅಲ್ಲಿ ಸೊಟ್ಟಗಾಗುತ್ತದೆ.

ಸ್ಪ್ರಿಂಗು ಎಳೆಯುವ ಗೆರೆ ಸ್ಟ್ಯಾಂಡು ಮಡಚಿದಾಗ ಬೋಲ್ಟಿನ ಒಂದು ಪಕ್ಕದಲ್ಲೂ, ಬಿಚ್ಚಿದಾಗ ಇನ್ನೊಂದು ಪಕ್ಕದಲ್ಲೂ ಹಾಯಬೇಕು. ಆಗ ಮಾತ್ರ ಅದು ಸ್ಟ್ಯಾಂಡನ್ನು ಎರಡೂ ಸ್ಥಿತಿಯಲ್ಲಿ ಗಟ್ಟಿಯಾಗಿ ಹಿಡಿದಿಡುತ್ತದೆ. ಕೊಂಡಿ ಸಿಕ್ಕಿಸುವ ಕಡ್ಡಿಯನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಸ್ಟ್ಯಾಂಡು ನಡುದಾರಿಯಲ್ಲಿ ಜೋಲುತ್ತದೆ. ಹಳೆಯ ಗಾಡಿಯಲ್ಲಿ ಸ್ಟ್ಯಾಂಡು ಇಳಿದಿದೆ ಎಂದು ಹೇಳುವ ದೀಪವಿಲ್ಲ, ಎಂಜಿನ್ ನಿಲ್ಲಿಸುವ ಸ್ವಿಚ್ಚೂ ಇಲ್ಲ. ಓಡುವಾಗ ಸ್ಪ್ರಿಂಗು ಕಡಿದು ಸೈಡ್ ಸ್ಟ್ಯಾಂಡು ಜಾರಿ ಇಳಿದರೆ, ಎಡ ತಿರುವಿನಲ್ಲಿ ಅದು ರಸ್ತೆಗೆ ನಾಟಿ ಗಾಡಿಯನ್ನು ಎತ್ತಿ ಒಗೆಯುತ್ತದೆ. ಆದ್ದರಿಂದ ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗನ್ನು ಹಾಕಿದ್ದೇನೆ. ಒಂದು ಕಡಿದರೂ ಇನ್ನೊಂದು ಮನೆಗೆ ತಲುಪಿಸುತ್ತದೆ.

ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆಯಲ್ಲಿ. ಸೈಡ್ ಸ್ಟ್ಯಾಂಡಿರುವುದೂ ಅದೇ ಎಡಗಡೆ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಯೇ ಕಿಕ್ ಹೊಡೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಾಲಿನ ಬಲ, ಮೈಯ ಭಾರ ಎಲ್ಲವೂ ನೇರವಾಗಿ ಆ ಒಂದು ಕಾಲಿನ ಮೇಲೆ, ಅಲ್ಲಿಂದ ಕ್ಲ್ಯಾಂಪಿನ ಮೇಲೆ ಬೀಳುತ್ತದೆ. ಸ್ಟ್ಯಾಂಡನ್ನು ಮಡಚಿ, ಗಾಡಿಯ ಮೇಲೆ ಕೂತು ಅಥವಾ ಸೆಂಟರ್ ಸ್ಟ್ಯಾಂಡ್ ಹಾಕಿ ಕಿಕ್ ಹೊಡೆಯಬೇಕು. ಹಾಗೆಯೇ ಸೈಡ್ ಸ್ಟ್ಯಾಂಡ್ ಹಾಕಿದ ಕೂಡಲೇ ಪೆಟ್ರೋಲ್ ಕಾಕನ್ನು ಮುಚ್ಚಬೇಕು. ವಾಲಿದ ಕಾರ್ಬುರೇಟರಿನಲ್ಲಿ ಫ್ಲೋಟು ಸರಿಯಾಗಿ ತಡೆಯದೆ ಪೆಟ್ರೋಲು ಉಕ್ಕಿ ಎಂಜಿನ್ನಿನೊಳಗೆ ಇಳಿಯುತ್ತದೆ, ಬೆಳಿಗ್ಗೆ ಪ್ಲಗ್ಗು ಒದ್ದೆಯಾಗಿ ಗಾಡಿ ಏಳುವುದಿಲ್ಲ.

ಇಳಿಜಾರಿನಲ್ಲಿ ಗಾಡಿಯ ಮುಖ ಏರಿನ ಕಡೆಗಿರಬೇಕು. ಮುಂದಕ್ಕೆ ಉರುಳಿದರೆ ಎರಡೂ ಸ್ಟ್ಯಾಂಡುಗಳು ಮಡಚಿಕೊಳ್ಳುತ್ತವೆ. ಸೈಡ್ ಸ್ಟ್ಯಾಂಡಿನಲ್ಲಿ ಮೊದಲ ಗೇರಿನಲ್ಲಿ ಬಿಡುವುದು ನನ್ನ ರೂಢಿ. ರಸ್ತೆಯ ಎಡ ಅಂಚಿನಲ್ಲಿ ನೀರು ಹರಿಯಲೆಂದು ನೆಲ ಎಡಕ್ಕೆ ಇಳಿಜಾರಾಗಿರುತ್ತದೆ. ಸಮತಟ್ಟಿನಲ್ಲಿ 12 ಡಿಗ್ರಿ ವಾಲುವ ಗಾಡಿ ಅಲ್ಲಿ ಇನ್ನೂ ಎರಡು ಮೂರು ಡಿಗ್ರಿ ಹೆಚ್ಚು ವಾಲುತ್ತದೆ. ಚಿಕ್ಕಮಗಳೂರಿನ ಇಂದಿರಾಗಾಂಧಿ ರಸ್ತೆಯಲ್ಲಿ ಅಂಗಡಿಗಳ ಮುಂದೆ ನಿಲ್ಲಿಸುವಾಗ ನಾನು ಸೆಂಟರ್ ಸ್ಟ್ಯಾಂಡನ್ನೇ ಹಾಕುತ್ತೇನೆ.

ನಿರ್ವಹಣೆ ಎಂದು ಮಾಡುವುದು ಹೆಚ್ಚೇನಿಲ್ಲ. ಮುಂಗಾರಿಗೆ ಮೊದಲು ಒಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ಎರಡೂ ಸ್ಟ್ಯಾಂಡುಗಳ ಬೋಲ್ಟು ಬಿಚ್ಚಿ, ಮುಂದಿನ ಚಕ್ರ ಎರಚಿದ ಕೆಸರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬುತ್ತೇನೆ. ಸ್ಪ್ರಿಂಗಿನ ಕೊಂಡಿಯ ಬಾಗಿನಲ್ಲಿ ಗೀರು ಬಿದ್ದಿದೆಯೇ ಎಂದು ಬೆಳಕಿನಲ್ಲಿ ನೋಡುತ್ತೇನೆ, ಏಕೆಂದರೆ ಸ್ಪ್ರಿಂಗು ಕಡಿಯುವುದು ಯಾವಾಗಲೂ ಅಲ್ಲಿಯೇ. ಪಾದಗಳಿಗೆ ಪೌಡರ್ ಕೋಟಿಂಗ್ ಬಿಟ್ಟು ಸಾದಾ ಕಪ್ಪು ಬಣ್ಣವನ್ನು ಬ್ರಷ್ಷಿನಲ್ಲಿ ಹಚ್ಚುತ್ತೇನೆ, ಉಜ್ಜಿಹೋದರೆ ಮತ್ತೆ ಹಚ್ಚುವುದು ಹತ್ತು ನಿಮಿಷದ ಕೆಲಸ. ಮನೆಯ ಪಡಸಾಲೆಯ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ನಿಲ್ಲಿಸುವಾಗ ಕೆಳಗೆ ಹಲಗೆ ಇಡದಿದ್ದರೆ ತುಕ್ಕಿನ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಹಲಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೊಟ್ಟಿಗೆಯಿಂದ ತಂದ ದಿನ ಗಾಡಿಯ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರುಗಳ ಜೊತೆಗೆ ಅಂಗೈಯಗಲದ ಎರಡು ಹಲಸಿನ ಹಲಗೆ ತುಂಡುಗಳಿದ್ದವು. ಎಣ್ಣೆ ಕುಡಿದು ಕಪ್ಪಾಗಿ, ಒಂದೊಂದರ ನಡುವೆಯೂ ಕಾಲಿಟ್ಟು ಸವೆದಂಥ ಉದ್ದನೆಯ ಗುಳಿ ಬಿದ್ದಿತ್ತು. ಏನೆಂದು ತಿಳಿಯದೆ ಬೇರೆ ಗುಜರಿಯ ಜೊತೆ ಅಟ್ಟದ ಮೇಲೆ ಹಾಕಿದ್ದೆ. ಆಲ್ದೂರಿನಲ್ಲಿ ಗಾಡಿ ಬಿದ್ದ ಸಂಜೆ ಫೋನಿನಲ್ಲಿ ವಿಷಯ ತಿಳಿಸಿದಾಗ ದೊಡ್ಡಪ್ಪ ಬೈಯಲಿಲ್ಲ. "ಮಳೆಗಾಲದಲ್ಲಿ ನಾನೆಲ್ಲಿ ಸೈಡ್ ಸ್ಟ್ಯಾಂಡ್ ಹಾಕ್ತಿದ್ದೆ ಮಗಾ? ಡಬಲ್ ಸ್ಟ್ಯಾಂಡೇ ಹಾಕ್ತಿದ್ದಿದ್ದು. ಹಲಸಿನ ತುಂಡು ಎರಡು ಪೆಟ್ಟಿಗೆಯಲ್ಲೇ ಇತ್ತಲ್ಲ, ನೋಡಲಿಲ್ವಾ?" ಎಂದು ಕೇಳಿದರು. ಸ್ಟ್ಯಾಂಡಿನ ಎರಡೂ ಕಾಲುಗಳ ಕೆಳಗೆ ಒಂದೊಂದು ತುಂಡು ಇಡುವುದು ಅವರ ಕ್ರಮವಾಗಿತ್ತು. ಅಟ್ಟದಿಂದ ಅವನ್ನು ಹುಡುಕಿ ತಂದು, ಸೆಂಟರ್ ಸ್ಟ್ಯಾಂಡಿನ ಕಾಲಿಗೆ ಹಿಡಿದು ನೋಡಿದೆ. ಗುಳಿಯೊಳಗೆ ಕಾಲು ಸರಿಯಾಗಿ ಕೂತಿತು.

ಕಳೆದ ತಿಂಗಳು ದೊಡ್ಡಪ್ಪನವರು ಮನೆಗೆ ಬಂದಿದ್ದಾಗ ಗಾಡಿಯನ್ನು ತಾವೇ ಸ್ಟ್ಯಾಂಡಿಗೆ ಹಾಕಿದರು. ಅವರಿಗೀಗ ಎಂಬತ್ತೊಂದು ವರ್ಷ. ಗಾಡಿಯನ್ನು ನೆಟ್ಟಗೆ ಹಿಡಿದು, ಸ್ಟ್ಯಾಂಡಿನ ಕೊಕ್ಕೆಯ ಮೇಲೆ ಬಲಗಾಲನ್ನಿಟ್ಟು ಮೆಲ್ಲಗೆ ಒತ್ತಿ, ಎರಡೂ ಕಾಲುಗಳು ಒಟ್ಟಿಗೆ ಹಲಗೆ ಮುಟ್ಟಿದ್ದನ್ನು ಗಾಡಿಯನ್ನು ಒಂದಿಷ್ಟು ಅತ್ತಿತ್ತ ಆಡಿಸಿ ಖಚಿತಪಡಿಸಿಕೊಂಡು, ಆಮೇಲೆ ಮೈಯ ಭಾರವನ್ನೆಲ್ಲ ಆ ಒಂದು ಕಾಲಿನ ಮೇಲೆ ಬಿಟ್ಟರು. ಕೈಯಿಂದ ಎತ್ತಲೇ ಇಲ್ಲ. ಗಾಡಿ ತಾನಾಗಿಯೇ ಹಿಂದಕ್ಕೆ ಸರಿದು ಮೇಲೆ ಹತ್ತಿತು. ಹಿಂದಿನ ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ, ಟ್ಯಾಂಕಿನ ತಗ್ಗಿನ ಮೇಲೆ ಕೈಯಾಡಿಸಿ, ಇದನ್ನು ಯಾವಾಗ ತೆಗೆಸುತ್ತೀ ಎಂದು ಕೇಳಿದರು. ಟ್ಯಾಂಕಿನ ಒಳಗೆ ಪೆಟ್ರೋಲಿನ ಹಸಿ ಪೂರ್ತಿ ಆರಿದ ಮೇಲೆಯೇ ತಗ್ಗು ತೆಗೆಯುವ ಕೆಲಸಕ್ಕೆ ಕೊಡಬೇಕು, ಅದಾದ ಮೇಲೆ ಮತ್ತೆ ಕ್ರೋಮ್ ಆಗಬೇಕು. ಜುಲೈ ಎರಡನೆಯ ಭಾನುವಾರ ಜಾವಾ ಅಭಿಮಾನಿಗಳು ಆಚರಿಸುವ ಜಾವಾ ದಿನಕ್ಕೆ ಗಾಡಿಯನ್ನು ಹೊರಗೆ ತೆಗೆಯಲೇಬೇಕಾದ್ದರಿಂದ, ಆ ಕೆಲಸವನ್ನು ಮಳೆಗಾಲ ಮುಗಿದ ನಂತರ ಮಾಡಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.